ಕಮಾಂಡರ್ ಸಾಹೇಬರಿಗೆ ಊರಿನ ಶಾಲು

ನಿಮ್ಮಪ್ಪನಿಗೆ ಸನ್ಮಾನ ಅಂತ ನನಗೆ ಮೊದಲು ಹೇಳಿದ್ದೇ ಆದಿಲಕ್ಷ್ಮಮ್ಮ ಕಣೇ, ಡೇರಿ ಹತ್ತಿರ, ಹಾಲಿನ ಕ್ಯಾನು ಕೆಳಗಿಡೋದಕ್ಕೂ ಮುಂಚೆ. 'ರಂಜಿತಾ, ಬರ್ಮಾ ತಾತನಿಗೆ ಪೇಟ ತೊಡಿಸ್ತಾರಂತೆ' ಅಂದ್ಲು. ನನಗೆ ನಗು ಬಂತು. ಹದಿನೈದು ವರ್ಷದಿಂದ ಇಲ್ಲಿರೋ ಮನುಷ್ಯನ್ನ ಒಂದು ದಿನ ಹೆಸರು ಹಿಡಿದು ಕರೆದಿಲ್ಲ ಈ ಊರು. ಅಪ್ಪಲಸ್ವಾಮಿ ಅನ್ನೋದು ನಾಲಿಗೆಗೆ ಅಷ್ಟು ಕಷ್ಟವಾ ಪವಿತ್ರ? ರಂಗೂನಿನಲ್ಲಿ ಹುಟ್ಟಿದ್ರು, ಒಂಬತ್ತು ವರ್ಷದ ಹುಡುಗ ಹಡಗು ಹತ್ತಿ ಮದ್ರಾಸಿಗೆ ಬಂದಿಳಿದ್ರು, ಸರಿ. ಆಮೇಲೆ ಮೂವತ್ತೊಂದು ವರ್ಷ ಈ ದೇಶದ ನೌಕಾಪಡೆಲಿ ದುಡಿದಿದ್ದು ಯಾರ ಲೆಕ್ಕಕ್ಕೂ ಇಲ್ಲ.

ಕೂತ್ಕೋ, ನಿಂತೇ ಇದ್ದೀಯಲ್ಲ. ಕಾಫಿ... ಬೇಡ್ವಾ? ಸರಿ.

ಅದೇನು, ಚೀಲದಿಂದ ತೆಗೀತಿರೋದು? ಓ. ಸನ್ಮಾನ ಪತ್ರ. ಫ್ರೇಮ್ ಸಮೇತ ವಾಪಸ್ ಕಳಿಸಿದ್ರಾ ಸಾಹೇಬರು? ಒಳ್ಳೇದೇ ಮಾಡಿದ್ರು. ನಾನಾಗಿದ್ದಿದ್ರೆ ನಿನ್ನೆ ವೇದಿಕೆ ಮೇಲೇ ಬಿಟ್ಟು ಬರ್ತಿದ್ದೆ. ನಾನು ಬರೆದಿದ್ದು ಅಂತ ಸಂಕೋಚ ಪಟ್ಕೋಬೇಡ. ಈ ಹೋಬಳಿಲಿ ಯಾರಿಗೆ ಶಾಲು ಹೊದಿಸಿದ್ರೂ ಪತ್ರ ನಾನೇ ಬರೀಬೇಕು. ಪ್ರಿಂಟ್ ಹಾಕಿಸ್ರಪ್ಪಾ ಅಂದ್ರೆ, 'ಮೇಡಂ, ನಿಮ್ಮ ಕೈ ಅಕ್ಷರ ಇದ್ರೇ ಒಂದು ಕಳೆ' ಅಂತಾರೆ. ಕನ್ನಡ ಎಂ.ಎ. ಮಾಡಿದ್ದಕ್ಕೆ ಈ ಊರು ನನಗೆ ಕೊಟ್ಟ ಉದ್ಯೋಗ ಇದು.

ಆದ್ರೆ ನಿನ್ನೆಯ ಅಸಹ್ಯ ಇದ್ಯಲ್ಲ, ಅದನ್ನ ಮರೆಯೋಕಾಗಲ್ಲ. ಹೋದ ತಿಂಗಳು ಬಿಳಿ ಯೂನಿಫಾರಂ ಹಾಕಿದ ಮೂರು ಜನ ಅಧಿಕಾರಿಗಳು ನಿಮ್ಮ ಮನೆಗೆ ಬಂದು ಸಾಹೇಬರಿಗೆ ಸೆಲ್ಯೂಟ್ ಹೊಡೆದು, ಹಳೇ ಹಡಗಿನ ನೆನಪಿನ ಫಲಕ ಕೊಟ್ಟು ಹೋಗದೇ ಇದ್ದಿದ್ರೆ, ನಮ್ಮ ಪಂಚಾಯ್ತಿ ಅಧ್ಯಕ್ಷ ಬೈರಣ್ಣನ ಕಣ್ಣಿಗೆ ಈ ಮನುಷ್ಯ ಬೀಳ್ತಾನೇ ಇರಲಿಲ್ಲ. ಒಂದೇ ವಾರದಲ್ಲಿ ಫ್ಲೆಕ್ಸು. ಅದರ ಮೇಲಿದ್ದ ಹಡಗು ನೋಡಿದ್ಯಾ? ತುದೀಲಿ ಹಾರ್ತಿದ್ದ ಬಾವುಟ ನಮ್ಮದೇ ಅಲ್ಲ. ಸಾಹೇಬರು ಅದನ್ನ ಒಂದು ಸಲ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದ್ರು. ಮುಖ್ಯ ಅತಿಥಿ ಬರೋವರೆಗೆ ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ರು, ಎಪ್ಪತ್ತು ದಾಟಿದವರನ್ನ. ಪೇಟ ದೊಡ್ಡದಾಗಿ ಹುಬ್ಬಿನವರೆಗೂ ಜಾರಿತ್ತು. ಶಾಲಿನ ಮೇಲೆ ಅಂಗಡಿ ಚೀಟಿ ಹಾಗೇ ಇತ್ತು. ಮುಖ್ಯ ಅತಿಥಿ ಅಂತೂ 'ಗಡಿಯಲ್ಲಿ ಹಿಮದಲ್ಲಿ ನಿಂತು ಕಾದ ಯೋಧ' ಅಂದ್ರು. ಇಂಜಿನ್ ರೂಮಿಗೆ ಬೆಂಕಿ ಬಿದ್ದಾಗ ಒಳಗೆ ನುಗ್ಗಿ ಹನ್ನೊಂದು ಜನರನ್ನ ಹೊರಗೆ ತಂದು, ಎಡಗಿವಿ ಕಳ್ಕೊಂಡ ಮನುಷ್ಯ ಅವರು. ಪಾಪ, ಬಲಗಿವಿ ತಿರುಗಿಸ್ಕೊಂಡು ಆ ಹಿಮದ ಕತೆ ಪೂರ್ತಿ ಕೇಳಿದ್ರು.

ಆಮೇಲೆ ಮೈಕು ಕೊಟ್ರು. ಅವರು ಹೇಳಿದ್ದು ಎರಡೇ ಮಾತು. 'ಹುಟ್ಟಿದ್ದು ಬೇರೆ ದೇಶ. ಈ ದೇಶ ನನ್ನನ್ನ ಕರ್ಕೊಂಡಾಗ ಏನೂ ಕೇಳಲಿಲ್ಲ. ನಾನು ನಿಮ್ಮನ್ನ ಒಂದೇ ಕೇಳ್ತೀನಿ. ನನ್ನ ಹೆಂಡತಿಗೆ ನಿಮ್ಮ ಮಸಣದಲ್ಲಿ ಮೂರಡಿ ಜಾಗ ಕೊಡಿ.'

ಅದಕ್ಕೆ ಚಪ್ಪಾಳೆ ಹೊಡೆದ್ರಲ್ಲ ಪವಿತ್ರ. ಏನೋ ಭಾವಪೂರ್ಣವಾಗಿ ಮಾತಾಡಿದ್ರು ಅಂತ ಚಪ್ಪಾಳೆ. ಬೈರಣ್ಣ ಶಿಳ್ಳೆ ಹೊಡೆಯೋದೊಂದು ಬಾಕಿ. ಯಾರೂ ಹ್ಞೂಂ ಅನ್ನಲಿಲ್ಲ. ತಕ್ಷಣ ರಾಷ್ಟ್ರಗೀತೆ ಹಾಕ್ಬಿಟ್ರು, ಎಲ್ರೂ ನೆಟ್ಟಗೆ ನಿಂತ್ರು, ಆಮೇಲೆ ಬಿಸಿಬೇಳೆಬಾತಿಗೆ ಓಡಿದ್ರು.

ನಿಮ್ಮಮ್ಮ ನನಗೆ ಎಷ್ಟು ಸಲ ಹೇಳಿದ್ರೋ. 'ಇವರು ಮೂವತ್ತು ವರ್ಷ ನೀರಿನ ಮೇಲಿದ್ರು, ನಾನು ನೀರು ನೋಡ್ಕೊಂಡು ಕಾದೆ. ಸತ್ತ ಮೇಲೆ ನನ್ನನ್ನ ನೀರಿಗೆ ಬಿಡಬೇಡಿ, ಮಣ್ಣಲ್ಲಿಡಿ.' ನೂಕರತ್ನಮ್ಮ ಕೇಳಿದ್ದು ಅಷ್ಟೇ. ಅಂಥವರನ್ನ ಎರಡು ವರ್ಷದ ಕೆಳಗೆ ಮಸಣದ ಗೇಟಿನಿಂದ ವಾಪಸ್ ಕಳಿಸಿದ್ರು. ಹೊರಗಿನವರು ಅಂತೆ. ಬೆಂಗಳೂರಿನ ವಿದ್ಯುತ್ ಚಿತಾಗಾರಕ್ಕೆ ಹೊತ್ಕೊಂಡು ಹೋಗಬೇಕಾಯ್ತು. ಬೂದಿ ಇನ್ನೂ ಆ ಸ್ಟೀಲ್ ಡಬ್ಬಿಲೇ ಇದ್ಯಲ್ವಾ, ನಿಮ್ಮ ನಡುಮನೆಲಿ? ನದಿಗೆ ಬಿಡೋ ಹಾಗಿಲ್ಲ, ಎಲ್ಲೋ ಕದ್ದು ಹೂಳೋಕೆ ಸಾಹೇಬರು ಒಪ್ಪಲ್ಲ. ನನಗೆ ಗೊತ್ತು.

ಥೂ, ಎಂಥಾ ಜನ. ನಾನೇನಾದ್ರೂ ಅವತ್ತು ಊರಲ್ಲಿದ್ದಿದ್ರೆ ಬಿಡ್ತಿರಲಿಲ್ಲ. ಕಾಲೇಜಿನ ಪರೀಕ್ಷೆ ಮೌಲ್ಯಮಾಪನಕ್ಕೆ ಅಂತ ಬೆಂಗಳೂರಿಗೆ ಹೋಗಿದ್ದೆ.

ಯಾಕೆ ನಗ್ತೀಯ?

ಇಲ್ಲ, ನಕ್ಕೆ ನೀನು. ನೋಡಿದೆ.

ಇದೇನು ಇನ್ನೊಂದು ಕಾಗದ? ಪಂಚಾಯ್ತಿ ಜೆರಾಕ್ಸು... ಆಕ್ಷೇಪಣೆ ಅರ್ಜಿ. ಅವತ್ತಿನದು. ನಿಮಗೆ ಹೇಗೆ ಸಿಕ್ತು? ಮಾಹಿತಿ ಹಕ್ಕಿನಲ್ಲಿ ಸಾಹೇಬರೇ ತರಿಸಿದ್ರಾ? ಯಾವಾಗ? ಆಗಲೇ, ಎರಡು ವರ್ಷದ ಹಿಂದೇನೇ?

ಹ್ಞಾಂ, ಕೇಳಿಸ್ಕೊಂಡೆ. ಈ ಅರ್ಜಿ ಫೈಲಿನಲ್ಲಿರೋ ತನಕ ಜಾಗ ಕೊಡೋಕಾಗಲ್ಲ, ಕೊಟ್ಟವರೇ ಬರೆದುಕೊಟ್ಟು ವಾಪಸ್ ತಗೋಬೇಕು ಅಂತ ಪಿಡಿಓ ಹೇಳಿದ್ರಂತೆ. ಸರಿ, ಕೊಟ್ಟವರನ್ನ ಕೇಳು. ಸಹಿ ನೋಡು. ಮೊದಲನೆಯದು ಬೈರಣ್ಣನದೇ, ನಿನ್ನೆ ಹಾರ ಹಾಕಿದವನದು. ಕೆಳಗೆ ಚಿಕ್ಕವೆಂಕಟಪ್ಪ. ಇದು ಆದಿಲಕ್ಷ್ಮಮ್ಮನ ಹೆಬ್ಬೆಟ್ಟು. ನಲವತ್ತೆರಡು ಜನ. ನನ್ನ ಹೆಸರು ಎಲ್ಲಾದ್ರೂ ಇದ್ಯಾ? ನೀನೇ ಹುಡುಕು. ಇಲ್ಲ ತಾನೇ?

ಫ್ರೇಮನ್ನ ಯಾಕೆ ಅದರ ಪಕ್ಕ ಇಟ್ಟೆ? ಎರಡರ ಅಕ್ಷರ ಹೋಲಿಸಿ ನೋಡು ಅಂತಾನಾ?

ಬಾಗಿಲಲ್ಲೇ 'ಅಕ್ಕಾ' ಅಂತ ಕೂಗ್ಕೊಂಡು ಬರ್ತಿದ್ದವಳು, ಇವತ್ತು ಒಂದು ಸಲ ಅಕ್ಕಾ ಅಂದಿಲ್ಲ.

ನಿನ್ನೆ ನಾನು ಪತ್ರ ಓದಿ ಕೈಗೆ ಕೊಟ್ಟಾಗ ಅದನ್ನೇ ನೋಡ್ತಾ ನಿಂತ್ಬಿಟ್ರು ಸಾಹೇಬರು. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದ್ರು. ಗೌರವ ಅಂದ್ಕೊಂಡೆ ನಾನು. ಮನೆಗೆ ಬಂದು ಗಂಡನಿಗೂ ಹೇಳ್ಕೊಂಡೆ, ಎಷ್ಟು ದೊಡ್ಡ ಮನುಷ್ಯ ನೋಡಿ, ನನಗೆ ಕೈ ಮುಗಿದ್ರು ಅಂತ.

ಹಾಗೆ ನೋಡಬೇಡ ನನ್ನ.

ಬೆಂಗಳೂರಿಗೆ ಹೋಗಿರಲಿಲ್ಲ. ಇಲ್ಲೇ ಇದ್ದೆ, ಇದೇ ಟೇಬಲ್. ಬೆಳಿಗ್ಗೆ ಏಳಕ್ಕೆ ಬಂದ್ರು, ಬೈರಣ್ಣ, ಜೊತೆಗೆ ನಾಲ್ಕೈದು ಜನ. 'ಮೇಡಂ, ಒಂದು ಅರ್ಜಿ ಗೀಚ್ಕೊಡಿ.' ಅವರು ಹೇಳಿದ್ದು ಹೊರಗಿನವರಿಗೆ ಜಾಗ ಕೊಡಬೇಡಿ ಅಂತ, ಅಷ್ಟೇ. ಮಿಕ್ಕಿದ್ದೆಲ್ಲ ನಾನು ಸೇರಿಸಿದ್ದು. 'ಮೂಲ ಯಾವುದೆಂದು ಖಚಿತವಿಲ್ಲದ ಕುಟುಂಬ.' ಈ ಸಾಲು ಬೈರಣ್ಣನದಲ್ಲ ಕಣೇ. ಅವನಿಗೆ ಅಷ್ಟು ಕನ್ನಡ ಬರಲ್ಲ. ಬರೆದು ಓದಿ ಹೇಳಿದಾಗ ಎಲ್ರೂ ತಲೆದೂಗಿದ್ರು. ನನಗೆ ಖುಷಿಯಾಯ್ತು. ಅದನ್ನೂ ಕೇಳಿಸ್ಕೋ, ಖುಷಿಯಾಯ್ತು. ಸಹಿ ಮಾತ್ರ ಹಾಕಲಿಲ್ಲ. ಅಷ್ಟು ಬುದ್ಧಿ ಇತ್ತು.

ನಿಮ್ಮಮ್ಮ ತೀರಿಕೊಳ್ಳೋ ಹಿಂದಿನ ವಾರ ಕಳಿಸಿದ್ದ ಗೋಂಗೂರ ಪಚ್ಚಡಿ ಡಬ್ಬಿ ಈ ಟೇಬಲ್ ಮೇಲೇ ಇತ್ತು. ಅದನ್ನ ಆ ಕಡೆ ಸರಿಸಿ, ಹಾಳೆಗೆ ಜಾಗ ಮಾಡ್ಕೊಂಡು ಬರೆದೆ.

ನೀನು ಬಂದಾಗಿಂದ ಊರವರಿಗೆ ಥೂ ಅಂತಿದ್ದೀನಲ್ಲ... ಅಂದಿದ್ದೆಲ್ಲ ಯಾರಿಗೆ ಅಂತ ಕೂತ ಕ್ಷಣದಿಂದ ನಿನಗೆ ಗೊತ್ತಿತ್ತು.

ಆ ಪೆನ್ನು ಈ ಕಡೆ ಕೊಡು. ಹಾಳೆ ಡ್ರಾಯರಿನಲ್ಲಿದೆ.

'ಸದರಿ ಅರ್ಜಿಯನ್ನು ಬರೆದವಳು ನಾನು. ಆ ಕುಟುಂಬದ ಮೂಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಬರೆದಿದ್ದೇನೆ. ಈ ಆಕ್ಷೇಪಣೆಯನ್ನು ಹಿಂದಕ್ಕೆ ಪಡೆಯುತ್ತೇವೆ.' ಕೆಳಗೆ ನನ್ನ ಹೆಸರು, ನೋಡ್ಕೋ, ಎಲ್ಲರಿಗಿಂತ ಮೊದಲು. ಮಿಕ್ಕ ನಲವತ್ತೆರಡಕ್ಕೆ ನಾನೇ ಮನೆಮನೆ ಹತ್ತಿ ಬರ್ತೀನಿ. ನಿನ್ನೆ ಚಪ್ಪಾಳೆ ಹೊಡೆದ ಕೈಗಳೇ ತಾನೇ, ಸಹಿ ಹಾಕಲಿ. ಬೈರಣ್ಣ ಹಾಕದಿದ್ರೆ ಅವನ ಬಾಗಿಲಲ್ಲೇ ಕೂರ್ತೀನಿ.

ಸಾಹೇಬರ ಮುಂದೆ ನಿಂತು ಹೇಳೋ ಮುಖ ಇವತ್ತು ನನಗಿಲ್ಲ. ನೀನು ಹೇಳು. ಬಲಗಡೆ ಕೂತು ಹೇಳು, ಒಂದು ಮಾತೂ ಬಿಡಬೇಡ, ಪಚ್ಚಡಿ ಡಬ್ಬಿ ಸರಿಸಿದ್ದನ್ನೂ. ಮತ್ತೆ ಹೋಗ್ತಾ ಡೇರಿ ಹತ್ತಿರ ನಿಲ್ಲು. ಆದಿಲಕ್ಷ್ಮಮ್ಮ ಇರ್ತಾಳೆ. ಅರ್ಜಿ ಬರೆದವಳು ರಂಜಿತಾ ಅಂತ ಅವಳಿಗೆ ಹೇಳು. ಸಂಜೆ ಹಾಲು ಹಾಕೋ ಹೊತ್ತಿಗೆ ಮಿಕ್ಕವರಿಗೆಲ್ಲ ಅವಳೇ ಹೇಳಿರ್ತಾಳೆ.