ಬಟನ್ ಅಲ್ಲದ ಬಟನ್

"ನೋಡೋಕೆ ಬಟನ್ ಥರ ಇದ್ರೆ ಸಾಕಲ್ವೇನಕ್ಕಾ? ವೆಬ್ ನಿಯಮಗಳನ್ನೆಲ್ಲ ಯಾರು ಓದ್ತಾ ಕೂರ್ತಾರೆ?"

ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಯಾರೋ ಅಕ್ಕ-ತಮ್ಮ ಕುಳಿತಿದ್ದರು. ಕೇಳಿದವನು ತಮ್ಮ. ಅಕ್ಕನ ಕೈಯಲ್ಲಿ ಬಿಳಿ ಕೋಲಿತ್ತು.

"ನೋಡೋಕಾ? ನಾನಾ? ನೀನು ಮಾಡಿರೋ ಅರ್ಜಿ ಪುಟಾನ ನಂಗೆ ಓದಿ ಹೇಳೋದು ನನ್ನ ಫೋನು ಕಣೋ. ಹೆಸರು, ವಿಳಾಸ ಎಲ್ಲ ಹೇಳ್ತು. 'ಕಳಿಸಿ' ಅನ್ನೋದನ್ನ ಮಾತ್ರ ಹೇಳ್ಲಿಲ್ಲ. ಕೋಡ್‌ನಲ್ಲಿ ಬಟನ್ ಅಂತ ಬರೀದೆ ನೀನು ಬರೀ ಬಣ್ಣ ಬಳಿದಿಟ್ಟ ಡಬ್ಬೀನ ಅದು ಬಟನ್ ಅಂದ್ಕೊಳ್ಳುತ್ತಾ?"

"ಬೇರೆ ಯಾರೂ ದೂರು ಕೊಟ್ಟಿಲ್ವಲ್ಲ."

"ದೂರಿನ ಪುಟದಲ್ಲೂ ಅದೇ ಡಬ್ಬಿ ಇಟ್ಟಿದ್ದೀಯಲ್ಲೋ, ಮಹಾರಾಯ!"

"ಸರಿ ಬಿಡು, ನಿನ್ನ ಅರ್ಜಿ ನಾನೇ ಒತ್ತಿ ಕಳಿಸ್ತೀನಿ."

"ನಿನ್ನಂಥ ತಮ್ಮ ಇಲ್ದೋರು ಏನು ಮಾಡ್ಬೇಕು? ಕೆಲಸಕ್ಕೆ ಅರ್ಜಿ ಹಾಕೋಕೆ ಇವತ್ತೇ ಕೊನೇ ದಿನ, ಐದು ಗಂಟೆವರೆಗೆ."

ಬಸ್ಸು ಬಂತು. ಅಕ್ಕ ಕೋಲು ತಟ್ಟುತ್ತಾ ಹತ್ತಿದಳು. ತಮ್ಮ ಹತ್ತಲಿಲ್ಲ, ರಸ್ತೆ ದಾಟಿ ಎದುರಿನ ತನ್ನ ಆಫೀಸಿಗೆ ಓಡಿದ.