ಹತ್ತರಲ್ಲಿ ಎಷ್ಟು?

ಹೊಳೆ ದಾಟಿ ಬೆಂಗ್ರೆಗೆ ಹೋಗುವ ಫೆರಿ ದೋಣಿ ಇನ್ನೂ ಹೊರಟಿರಲಿಲ್ಲ. ನನ್ನ ಮುಂದಿನ ಬೆಂಚಿನಲ್ಲಿ ಒಬ್ಬರು ನರ್ಸ್, ಪಕ್ಕದಲ್ಲಿ ಬೆವರುತ್ತಿದ್ದ ಹೆಂಗಸನ್ನು ಕೇಳಿದರು:

"ಮುಫೀದಾ, ಹೆದರಿಕೆ ಈಗ ಹತ್ತರಲ್ಲಿ ಎಷ್ಟು?"

"ಒಂಬತ್ತು, ಸಿಸ್ಟರ್. ಇಳಿದುಬಿಡುವ."

"ಬೇಡ. ಹೆದರಿ ಓಡಿದರೆ ಹೆದರಿಕೆ ಇನ್ನೂ ಬೆಳೀತದೆ ಅಂತ ಡಾಕ್ಟರ್ ಹೇಳಿದ್ದಾರಲ್ಲ? ಸುಮ್ಮನೆ ಕೂತು ನೀರು ನೋಡಿ."

"ನನ್ನ ತಮ್ಮ ಮುಳುಗಿದ್ದು ಇದೇ ನೀರಲ್ಲಿ."

"ಗೊತ್ತುಂಟು. ಮೂರು ವರ್ಷದಿಂದ ನೀವು ಆಚೆ ದಡದ ತವರಿಗೆ, ಉಮ್ಮನ ಮನೆಗೆ, ಹೋಗದ್ದೂ ಗೊತ್ತುಂಟು."

ಫೆರಿ ಹೊರಟಿತು. ನಡುಹೊಳೆಯಲ್ಲಿ ನರ್ಸ್ ಪುನಃ ಕೇಳಿದರು.

"ಈಗ ಎಷ್ಟು?"

"ಮೂರು."

"ನೋಡಿ, ನಾನು ಹೇಳಲಿಲ್ವಾ!"

"ಹೆದರಿಕೆ ಇರುವಾಗ ತಮ್ಮ ನನ್ನನ್ನು ಕೂಗುವುದು ಕೇಳ್ತಿತ್ತು, ಸಿಸ್ಟರ್. ಈಗ ಎಂತದೂ ಕೇಳುವುದಿಲ್ಲ."

ದಡದಲ್ಲಿ ಇಬ್ಬರೂ ಇಳಿದರು. ನರ್ಸ್ ಮುಂದೆ ನಡೆದರು. ಮುಫೀದಾ ಹೊಳೆಯ ಕಡೆ ತಿರುಗಿ, ಕಿವಿಗೊಟ್ಟು ನಿಂತರು.