ಏಳನೇ ಫಲಕ

ಇಲ್ಲ, ಇದಕ್ಕೆ ನಾನು ಸಹಿ ಹಾಕೋದಿಲ್ಲ. ಉಳಿದ ಹನ್ನೊಂದು ಫಲಕಗಳ ಬರಹ ತಿದ್ದಿಟ್ಟಿದ್ದೇನೆ, ತೆಗೆದುಕೊಂಡು ಹೋಗು. ಈ ಏಳನೆಯದು ಬೇಡ. ಬಾವಿಯ ಪಕ್ಕದಲ್ಲಿ ಏನನ್ನೂ ಬರೆಯೋದು ಬೇಡ. ಬಾವಿ ಅಂತ ನೋಡಿದವರಿಗೆ ಗೊತ್ತಾಗೋದಿಲ್ಲವಾ?

ಕೂತ್ಕೋ, ಕೂತ್ಕೋ. ಹಾಗೆ ಎದ್ದು ನಿಂತರೆ ನಾನು ಹೆದರ್ತೇನೆ ಅಂದುಕೊಂಡೆಯಾ? ಆರನೇ ತರಗತಿಯಲ್ಲೂ ನೀನು ಹೀಗೇ... ತಪ್ಪು ತೋರಿಸಿದರೆ ಸಾಕು, ಎದ್ದು ನಿಲ್ಲೋದು. ಈಗ ದೊಡ್ಡ ಅಧಿಕಾರಿ! ಹಳೇ ಊರಿನ ಪುನರುಜ್ಜೀವನ ಯೋಜನೆ! ಅಬ್ಬಬ್ಬಾ, ಎಂಥಾ ಹೆಸರು! ಅಲ್ಲಮ್ಮಾ, ನಗರ ಬಂದು ಊರಿನ ಹೊಸ್ತಿಲು ತುಳಿದ ಮೇಲೆ ನಿಮಗೆ ಈ ಊರು ಕಣ್ಣಿಗೆ ಬಿತ್ತಾ? ನಲವತ್ತು ವರ್ಷ ಈ ಚೌಕದಲ್ಲಿ ಚರಂಡಿ ಉಕ್ಕಿ ಹರೀತು, ಒಬ್ಬರೂ ತಿರುಗಿ ನೋಡಲಿಲ್ಲ. ಈಗ ಧಾನ್ಯದ ಉಗ್ರಾಣದಲ್ಲಿ ಕಾಫಿ ಅಂಗಡಿ, ದೊಡ್ಡಮನೆಯಲ್ಲಿ ಹೋಟೆಲ್ಲು! ಮೊನ್ನೆ ಬಂದ ದೀಪದ ಕಂಬಗಳನ್ನೂ ನೋಡಿದೆ. ಹಳೇ ಕಾಲದ ಕಂಬ ಅಂತೆ! ಕಾರ್ಖಾನೆಯ ಚೀಟಿಯನ್ನಾದರೂ ಕಿತ್ತು ನಿಲ್ಲಿಸಬಾರದಾ? ಯಾರ ಕಿವಿಗೆ ಹೂವಿಡ್ತೀರಿ?

ಯಾಕೆ ನಗ್ತೀಯ?... ಕಂಬಕ್ಕಾ? ಸರಿ, ಅದಕ್ಕೆ ನಗು. ನಗುವಂಥದ್ದೇ.

ಕೇಳಿಲ್ಲಿ. ಮೂರನೇ ಫಲಕ, ದೊಡ್ಡಮನೆಯದು... ಅದನ್ನು ಎಷ್ಟು ಚೆನ್ನಾಗಿ ಬರೆದಿದ್ದೀಯ! ಕಟ್ಟಿಸಿದವರು ಯಾರು, ತೊಲೆಗಳು ಎಲ್ಲಿಂದ ಬಂದವು, ಅಂಗಳಕ್ಕೆ ಎಷ್ಟು ಕಂಬ. ಕೊನೆಯ ಸಾಲು: 'ಈ ಊರಿನ ಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿ ಬೆಳೆದದ್ದು ಈ ಮನೆಯಲ್ಲೇ.' ಆ ಸಾಲನ್ನು ನಾನು ಮುಟ್ಟಿಲ್ಲ. ಅದು ಸರಿಯಾಗಿದೆ... ಏನು ಹಾಗೆ ನೋಡ್ತೀಯ? ಸುಳ್ಳಾ? ನಾನು ಬೆಳೆದದ್ದು ಆ ಮನೆಯಲ್ಲೇ. ಹಿತ್ತಲೋ, ಮುಂಬಾಗಿಲೋ... ಮನೆ ಅಂದರೆ ಮನೆ.

ಏಳನೆಯದಕ್ಕೆ ಬಾ. 'ಬಾವಿಕಟ್ಟೆಯ ಕಲ್ಲಿನ ಮೇಲಿರುವ ಈ ಗೀರುಗಳು, ದೊಡ್ಡಮನೆಗೆ ಮೂವತ್ತು ವರ್ಷ ನೀರು ಹೊತ್ತ ಹೆಂಗಸಿನ ಹಗ್ಗ ಸವೆಸಿದ್ದು.' ಇದೂ ಒಂದು ಚರಿತ್ರೆಯಾ? ನೀರು ಹೊತ್ತವರು, ಪಾತ್ರೆ ತಿಕ್ಕಿದವರು, ಕಸ ಗುಡಿಸಿದವರು ಅಂತ ಕೆತ್ತಿಸ್ತಾ ಕೂತರೆ ಊರಲ್ಲಿ ಜನ ನಡೆಯೋಕೆ ಜಾಗ ಇರೋದಿಲ್ಲ, ಬರೀ ಫಲಕ! ಸಾಕ್ಷಿ ಎಲ್ಲಿ? ದಾಖಲೆ ಎಲ್ಲಿ? ಯಾರೋ ಹೇಳಿದರಂತೆ, ಇವಳು ಬರೆದುಕೊಂಡಳಂತೆ!

ಏನು? ಫಲಕ ಇಲ್ಲದಿದ್ದರೆ ಕಲ್ಲೂ ಉಳಿಯೋದಿಲ್ಲ ಅಂತಲಾ? ಗೊತ್ತು, ಗೊತ್ತು. ಕಂಟ್ರಾಕ್ಟರು ಹೇಳಿದ. ನಾಳೆ ಅದನ್ನು ಕಿತ್ತು, ಒಡೆದು, ರಸ್ತೆಗೆ ಜಲ್ಲಿ ಹಾಕ್ತಾನೆ. ಅಲ್ಲಿ ನುಣುಪಾದ ಹೊಸ ಕಲ್ಲು ಕೂರಿಸ್ತಾನೆ. ಕೂರಿಸಲಿ! ಕಿತ್ತು ಹಾಕಪ್ಪಾ ಅಂತ ನಾನೇ ಹೇಳಿದ್ದೇನೆ. ಸವೆದ ಕಲ್ಲು ತಾನೇ... ಕಲ್ಲು ತಾನೇ.

ಕೊಡು ಆ ಕೆಂಪು ಪೆನ್ನು. ಈಗಲೇ ಅಡ್ಡಗೆರೆ ಎಳೆದುಬಿಡ್ತೇನೆ, ನಿನಗೂ ಸಮಾಧಾನ, ನನಗೂ... ತಾಳು. ಇದೇನಿದು, ಕೆಳಗೆ? ಕನ್ನಡಕ ಎಲ್ಲಿ... 'ಹುಟ್ಟುಮೂಕಿಯಾಗಿದ್ದ ಈಕೆ...'

ಹುಟ್ಟುಮೂಕಿ!

ಯಾರು ಹೇಳಿದ್ದು ಇದನ್ನು? ದೊಡ್ಡಮನೆಯ ಮೊಮ್ಮಗನಾ? ಅವನಿಗೇನು ಗೊತ್ತು ಮಣ್ಣು! ಅಳಿಸು. ಮೊದಲು ಅದನ್ನು ಅಳಿಸು! ಅವಳಿಗೆ ಮಾತು ಬರ್ತಿತ್ತು. ಎಷ್ಟು ಬರ್ತಿತ್ತು ಅಂದರೆ... ಬೆಳಿಗ್ಗೆ ಕಟ್ಟೆಯ ಹತ್ತಿರ ಯಾರೂ ಇಲ್ಲದಾಗ ಬಂದು ಕೇಳಬೇಕಿತ್ತು ನೀನು! ಹಗ್ಗದ ಒಂದೊಂದು ಎಳೆತಕ್ಕೂ ಮಗ್ಗಿಯ ಒಂದೊಂದು ಸಾಲು. ಹದಿನೇಳೊಂದ್ಲಿ ಹದಿನೇಳು... ಎಳಿ. ಹದಿನೇಳೆರಡ್ಲಿ ಮೂವತ್ನಾಲ್ಕು... ಎಳಿ. ಮಧ್ಯೆ ದೊಡ್ಡಮನೆಯ ಯಜಮಾನಿಗೆ ಒಂದು ಬೈಗುಳ. ಮತ್ತೆ ಮಗ್ಗಿ! ಅಕ್ಷರ ಗೊತ್ತಿಲ್ಲದವಳಿಗೆ ಮಗ್ಗಿ ಎಲ್ಲಿಂದ ಬಂತು ಅಂತೀಯಾ? ಮಗಳು ಕಟ್ಟೆಯ ಮೇಲೆ ಕೂತು ಬಾಯಿಪಾಠ ಮಾಡ್ತಿದ್ದಳು. ಇವಳು ನೀರು ಸೇದ್ತಾ ಸೇದ್ತಾ ಕಲಿತುಬಿಟ್ಟಳು. ಮಗಳಿಗಿಂತ ಮೊದಲು!

ಯಾಕೆ ಕೈಯನ್ನು ಹಾಗೆ ಹಿಂದಕ್ಕೆ ಎಳೀತೀಯ?... ಹೌದು. ಹೌದು, ನಿಮಗೂ ಹಾಗೇ ಕಲಿಸಿದ್ದು. ಇಡೀ ತರಗತಿ ಕೈ ಎಳೆದು ಎಳೆದು ಮಗ್ಗಿ ಹೇಳ್ತಿತ್ತು. ಅದಕ್ಕೇನೀಗ? ಅದು ಕಲಿಸುವ ಒಂದು ಕ್ರಮ, ಅಷ್ಟೇ.

ಮಾತು ನಿಂತದ್ದು ಆಮೇಲೆ. ಬರೆದುಕೋ, ಸರಿಯಾಗಿ ಬರೆದುಕೋ. ಒಂದು ದಿನ ಶಾಲೆ ಬಿಟ್ಟು ಮಕ್ಕಳು ಚೌಕ ದಾಟ್ತಾ ಇದ್ದರು. ತಲೆಯ ಮೇಲೆ ಕೊಡ ಹೊತ್ತವಳು ಮಗಳನ್ನು ಕೂಗಿ ಕರೆದಳು. ಹಸಿದಿರಬೇಕು ಅಂತ ಕರೆದಳು, ಇನ್ನೇನಕ್ಕೆ? ಪಕ್ಕದಲ್ಲೇ ದೊಡ್ಡಮನೆಯ ಮಕ್ಕಳು. ಹುಡುಗಿ ತಿರುಗಿಯೂ ನೋಡಲಿಲ್ಲ. ಸಂಜೆ ಮನೆಗೆ ಬಂದು ಹೇಳಿದಳು, 'ನಾಲ್ಕು ಜನರ ಮುಂದೆ ಇನ್ನು ನನ್ನನ್ನು ಕರೀಬೇಡ. ಬಾಯೇ ತೆಗೀಬೇಡ.' ಹತ್ತು ವರ್ಷ ಅವಳಿಗೆ! ಹತ್ತು ವರ್ಷಕ್ಕೆ ಎಷ್ಟು ಸೊಕ್ಕು ನೋಡು!

ಅಷ್ಟೇ. ಅವತ್ತಿನಿಂದ ಅವಳು ಜನರೆದುರು ತುಟಿ ಪಿಟಕ್ಕೆನ್ನಲಿಲ್ಲ. ಹತ್ತೊಂಬತ್ತು ವರ್ಷ. ಊರು ಮೂಕಿ ಅಂತ ಕರೀತು, ಕರೆಸಿಕೊಂಡಳು. ಬಾವಿಕಟ್ಟೆಯಲ್ಲೂ ಮಗ್ಗಿ ನಿಂತುಹೋಯಿತು. ಬರೀ ಹಗ್ಗದ ಸದ್ದು... ಹಿತ್ತಲಿನ ಕೋಣೆಯಲ್ಲಿ ಮಲಗಿದವರಿಗೆ ಅದೊಂದೇ ಕೇಳ್ತಿತ್ತು, ಕಲ್ಲಿನ ಮೇಲೆ ಹಗ್ಗ ಉಜ್ಜೋದು.

ಅವಳನ್ನು ನೀವು ಹುಟ್ಟುಮೂಕಿ ಅಂತ ಕಲ್ಲಿನಲ್ಲಿ ಕೆತ್ತಿಸ್ತೀರಾ? ನಾಚಿಕೆ ಆಗೋದಿಲ್ಲವಾ? ಬರೆದುಕೊಂಡೆಯಾ? ಎಲ್ಲಿ, ಓದು ನೋಡೋಣ... ಏನೂ ಬರೆದೇ ಇಲ್ಲ! ಪೆನ್ನು ಯಾಕೆ ಕೆಳಗಿಟ್ಟೆ?

ಏನಾದರೂ ಹೇಳು. ಹೀಗೆ ಸುಮ್ಮನೆ ಕೂರಬೇಡ. ಬೈಯಿ ಬೇಕಾದರೆ. ಎದುರಿಗೆ ಯಾರಾದರೂ ಸುಮ್ಮನೆ ಕೂತರೆ ನನಗೆ... ಆಗೋದಿಲ್ಲ, ಗೊತ್ತಾ?

ಯಾವ ಹುಡುಗಿ ಅಂತ ನೀನು ಕೇಳಲೇ ಇಲ್ಲ.

...

ಏಳನೆಯದರಲ್ಲಿ ಆ ಒಂದು ಮಾತು ತೆಗೆದುಹಾಕು, ಉಳಿದದ್ದು ಇರಲಿ. ಕಲ್ಲು ಮುಟ್ಟಬೇಡ ಅಂತ ಕಂಟ್ರಾಕ್ಟರಿಗೆ ಫೋನು ಮಾಡು. ಈಗಲೇ ಮಾಡು.

ಮತ್ತೆ ಆ ಮೂರನೇ ಫಲಕ ಇತ್ತ ಕೊಡು. ಅದರಲ್ಲಿ ಒಂದು ತಪ್ಪು ಉಳಿದಿದೆ.